ಗುರುಬಾಯಿಯ ಎಡಗೈ

ಆ ದಿನ ಬೆಳಿಗ್ಗೆ ಭೂಸನೂರಿನ ಮೇಲೆ ದಟ್ಟ ಮಂಜು ಇಳಿದಿತ್ತು. ಕಾರ್ಖಾನೆ ಕಬ್ಬು ನುರಿಸಲು ತೊಡಗಿದ ಮೇಲೆ ಬೀಳುವ ಮಂಜಿಗೆ ಒಂದು ವಾಸನೆಯಿರುತ್ತದೆ. ಕುದ್ದು ಕುದ್ದು ಇನ್ನೇನು ಸೀಯಲಿರುವ ಸಿಹಿಯ ವಾಸನೆ. ಅದು ಸೀರೆಯ ನೆರಿಗೆಯೊಳಕ್ಕೆ, ತಲೆಗೂದಲಿನೊಳಕ್ಕೆ, ಬಾಯೊಳಕ್ಕೆ ಹೊಕ್ಕು ಕೂತುಬಿಡುತ್ತದೆ. ಬಸ್ಸಿಗೆ ಕಾಯುತ್ತ ನಿಂತಿದ್ದ ವಿಜಯಶ್ರೀಗೆ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಮೊದಲು ಸದ್ದಾಗಿ, ಆಮೇಲೆ ಎರಡು ಹಳದಿ ಕಣ್ಣಾಗಿ, ಆಮೇಲೆ ಇದ್ದಕ್ಕಿದ್ದಂತೆ ಮೈಮೇಲೆ ಬಂದಷ್ಟು ಹತ್ತಿರವಾಗಿ ಹಾದುಹೋಗುತ್ತಿದ್ದವು. ಏನೂ ಕಾಣದಿರುವುದೇ ಒಳ್ಳೆಯದಾಯಿತು, ತಾನೂ ಯಾರ ಕಣ್ಣಿಗೂ ಬೀಳುವುದಿಲ್ಲ, ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಮರುಗಳಿಗೆಯೇ ಸಿಟ್ಟು ಬಂತು. ಯಾಕೆ ಅಡಗಬೇಕು? ತಾನೇನು ಕಳುವಿಗೆ ಹೊರಟಿದ್ದಾಳೆಯೇ? ಸಿಟ್ಟು ಎದ್ದೊಡನೆ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಇಷ್ಟಲಿಂಗವನ್ನಿಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ ಅದು, ಕೋಳಿಮೊಟ್ಟೆಯಷ್ಟು ದೊಡ್ಡದು. ಮೂರು ತಲೆಮಾರು ಕೈಯಾಡಿಸಿ ನುಣ್ಣಗಾದದ್ದು, ಒಂದು ಮಗ್ಗುಲಿಗೆ ಸಣ್ಣ ತಗ್ಗು ಬಿದ್ದದ್ದು. ಅತ್ತೆ ಗುರುಬಾಯಿ ತೀರಿಕೊಂಡ ಮೇಲೆ ಊರೇ ಕೂತು ವಿಜಯಶ್ರೀಯ ಕೊರಳಿಗೆ ಕಟ್ಟಿಸಿದ್ದು.

ಮನೆಯಿಂದ ಹೊರಡುವಾಗ ಗಂಡ ಮಹೇಶಕುಮಾರ ಅಂಗಳದ ತುದಿಗೆ ಕೂತು ಬಾಯಿ ಮುಕ್ಕಳಿಸುತ್ತಿದ್ದ. ಮುಖ ನೋಡದೆಯೇ ಕೇಳಿದ್ದ.

"ಮಂದಿ ಹೇಲು ಬಳಿಯಾಕ ನಿಮ್ಮ ಮನ್ಯಾಕಿ ಹೊಂಟಾಳಂತಲ್ಲೋ ಅಂತ ಕಟ್ಟಿಮ್ಯಾಲ ಕೇಳಿದ್ರ, ನಾ ಏನ್ ಹೇಳ್ಲಿ?"

"ನಿಮ್ಮವ್ವಂದು ಬಳದಾಗ ಏನ್ ಹೇಳ್ತಿದ್ರಿ? ಅದನ್ನ ಹೇಳ್ರಿ."

"ಅದು ಸೇವಾ ಬೇ. ಇದು ನೌಕರಿ. ಎರಡಕ್ಕೂ ಫರಕ್ ಇಲ್ಲೇನು?"

"ಅದರಾಗ ನಾರತಿದ್ದಿಲ್ಲ, ಇದರಾಗ ನಾರತದ. ಅಷ್ಟ ಫರಕ್."

ಅವನು ನೀರನ್ನು ಬೇಕೆಂದೇ ದೂರಕ್ಕೆ ಉಗುಳಿದ. ಬಡಿಯುವ ಗಂಡಲ್ಲ, ಒಳ್ಳೆಯವನೆಂದೇ ಓಣಿಯಲ್ಲಿ ಹೆಸರು. ಆ ಒಳ್ಳೆಯತನದ ಮೇಲೆಯೇ ಅವಳಿಗೆ ಈಗ ಹೆಚ್ಚು ಸಿಟ್ಟು. ಆರು ವರ್ಷ ಅವನ ತಾಯಿ ಹಾಸಿಗೆಯಲ್ಲಿ ಮಲಗಿದ್ದಾಗ ಅವನು ದಿನಾ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಹೊಸ್ತಿಲು ದಾಟುತ್ತಿರಲಿಲ್ಲ. ಹೆಂಡತಿ ತಾಯಿಯ ಮೈ ಒರೆಸಿ, ಬಟ್ಟೆ ಬದಲಿಸಿ, ಊದುಬತ್ತಿ ಹಚ್ಚುವ ತನಕ ಎಮ್ಮೆಯ ಕಡೆಗೋ ಮೋಟಾರಿನ ಕಡೆಗೋ ಹೋಗಿದ್ದು, ಪೂಜೆಯ ಹೊತ್ತಿಗೆ ಸರಿಯಾಗಿ ಬಂದು ಎರಡೂ ಕೈ ಜೋಡಿಸಿ ನಿಲ್ಲುತ್ತಿದ್ದ. ಹೊರಗಿನವರು ನೋಡಿದರೆ ತಾಯಿಯ ಸೇವೆಯಲ್ಲಿ ನಿಂತ ಮಗ. ಬಸ್ಸು ಬಂತು. ಕಂಡಕ್ಟರು ಕೈ ಕೊಟ್ಟು ಹತ್ತಿಸಿಕೊಂಡ. ಕಿಟಕಿಯ ಗಾಜಿನ ಮೇಲೆ ಮಂಜು ಹನಿಗಟ್ಟಿ ಸೊಟ್ಟ ಗೆರೆಗಳಾಗಿ ಇಳಿಯುತ್ತಿತ್ತು. ಅವಳು ಅದನ್ನು ನೋಡಲಾರದೆ ಮುಖ ತಿರುಗಿಸಿದಳು. ಗುರುಬಾಯಿಯ ಕಣ್ಣೀರೂ ಹಾಗೆಯೇ, ಕೆನ್ನೆಗೆ ಬೀಳದೆ, ಕಣ್ಣಿನ ಹೊರತುದಿಯಿಂದ ಕಿವಿಯ ಕಡೆಗೆ ಇಳಿಯುತ್ತಿತ್ತು.

ಗುರುಬಾಯಿಗೆ ಲಕ್ವ ಹೊಡೆದದ್ದು ಎಡಕ್ಕೆ. ಬಲಕ್ಕೆ ಹೊಡೆದಿದ್ದರೆ ಉಣ್ಣುವ ಕೈ ಹೋಗುತ್ತಿತ್ತು. ಎಡಕ್ಕೆ ಹೊಡೆದು ದೇವರ ಕೈ ಹೋಯಿತು. ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಅಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅದನ್ನೇ ದಿಟ್ಟಿಸಿ, ಆಮೇಲೆಯೇ ಗುರುಬಾಯಿ ನೀರು ಮುಟ್ಟುವವಳು. ಬುದ್ಧಿ ತಿಳಿದಂದಿನಿಂದ ಒಂದು ದಿನ ತಪ್ಪಿಸಿದವಳಲ್ಲ. ದವಾಖಾನೆಯಿಂದ ಮನೆಗೆ ತಂದು ಮಲಗಿಸಿದ ಮಾರನೆಯ ಬೆಳಿಗ್ಗೆ ಬಾಯಿಗೆ ಚಮಚ ಒಯ್ದರೆ ತುಟಿ ಬಿಗಿಹಿಡಿದಳು. ನಾಲಿಗೆ ದಪ್ಪಗಾಗಿ ಮಾತು ಹೋಗಿತ್ತು, ಬರುವುದು ಗಂಟಲಿನ ಸದ್ದು ಮಾತ್ರ. ಬಲಗೈ ಎದೆಯ ಮೇಲಿನ ಕರಡಿಗೆಯನ್ನು ತಡವಿತು. ವಿಜಯಶ್ರೀಗೆ ಅರ್ಥವಾಯಿತು. ಅವಳಿಗೆ ಮಾತ್ರ ಅರ್ಥವಾಯಿತು. ಅಂದಿನಿಂದ ಪ್ರತಿ ಬೆಳಿಗ್ಗೆ ಮೀಯಿಸಿ, ಹಣೆಗೆ ವಿಭೂತಿ ಇಟ್ಟು, ಮುಚ್ಚಿಹೋದ ಆ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ, ಲಿಂಗವನ್ನು ಅಂಗೈಯಲ್ಲಿ ಕೂರಿಸಿ, ಮುಂಗೈ ಹಿಡಿದು ಆ ಜೋಲುಬಿದ್ದ ಕೈಯನ್ನು ಅತ್ತೆಯ ಕಣ್ಣಿನ ತನಕ ಎತ್ತಿ, ಮಂತ್ರ ತಾನೇ ಹೇಳಿ ಮುಗಿಸುವವರೆಗೆ ಹಿಡಿದು ನಿಲ್ಲುತ್ತಿದ್ದಳು. ಕೈ ಮೇಲೇರಿದಂತೆ ಗುರುಬಾಯಿಯ ಕಣ್ಣು ಲಿಂಗದ ಮೇಲೆ ನಿಲ್ಲುತ್ತಿತ್ತು, ನೀರು ಧಾರೆಯಾಗುತ್ತಿತ್ತು. ಮೊದಲು ಪಕ್ಕದ ಮನೆಯವರು ನೋಡಿದರು. ಆಮೇಲೆ ಓಣಿ ನೋಡಿತು. ಶ್ರಾವಣದ ಸೋಮವಾರಗಳಲ್ಲಿ ಹೆಂಗಸರು ಮಿಂದು ಬಂದು ಕಾಯುತ್ತಿದ್ದರು. "ಎಂಥ ಭಕ್ತಿ ಯವ್ವಾ, ಜಡಬಿದ್ದ ಜೀವಕ್ಕ ಎಂಥ ಭಕ್ತಿ" ಎಂದು ಗುರುಬಾಯಿಯ ಪಾದ ಮುಟ್ಟುತ್ತಿದ್ದರು, ಆಮೇಲೆ ವಿಜಯಶ್ರೀಯದನ್ನೂ. ಅವಳು ಬೇಡವೆಂದು ಹಿಂದೆ ಸರಿಯುತ್ತಿದ್ದಳು. ಆದರೆ ಪೂರ್ತಿ ಸರಿಯುತ್ತಿರಲಿಲ್ಲ.

ಆಳಂದದಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಬಾಯಿಗೆ ಬಂದಾಗ ಸೆರಗನ್ನು ತಲೆಯ ಮೇಲೆಳೆದುಕೊಂಡು ಜೋರಾಗಿ ನಡೆದಳು. ಆ ಓಣಿಯಲ್ಲಿ ನಾದಿನಿ ಸುಗಲಾಬಾಯಿಯ ಮನೆ. ಗುರುಬಾಯಿಯ ಒಬ್ಬಳೇ ಮಗಳು. ಅವಳೊಂದಿಗೆ ಮಾತು ನಿಂತಿತ್ತು. ಗುರುಬಾಯಿ ತೀರಿದ ಮೇಲೆ ದಿನಕರ್ಮದ ದಿನ ಎಲ್ಲರೆದುರು ಅವಳು ಹೇಳಿದ್ದಳು: "ಅವ್ವನ ಕರಡಿಗಿ ನನಗ ಕೊಡ್ರಿ. ಬ್ಯಾರೆ ಏನೂ ಬ್ಯಾಡ. ಸಣ್ಣಾಕಿ ಇದ್ದಾಗಿಂದ ಕೊಡ್ತೇನಿ ಕೊಡ್ತೇನಿ ಅಂತಿದ್ಳು." ಹೌದು, ತಾಯಿಯ ಮೈಮೇಲಿನದು ಮಗಳಿಗೆ ಹೋಗುವುದೇ ವಾಡಿಕೆ. ಆದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ, ಸೇವೆ ಮಾಡಿದಾಕಿಗೇ ಸಲ್ಲಬೇಕು ಎಂದರು. ಪೂಜೆಗೆ ಬಂದಿದ್ದ ಅಯ್ಯನವರು ತಾವೇ ಎತ್ತಿ ವಿಜಯಶ್ರೀಯ ಕೈಗೆ ಕೊಟ್ಟರು. ಆಗ ಸುಗಲಾಬಾಯಿ ನೆಲ ನೋಡುತ್ತ ಕೂತಿದ್ದದ್ದು, ತಾನು ಅವಳ ಆ ಬಗ್ಗಿದ ತಲೆಯನ್ನು ನೋಡಿ ಸುಖಪಟ್ಟದ್ದು, ಎರಡೂ ಈಗ ಓಣಿಯ ಬಾಯಿ ದಾಟುವಾಗ ಒಟ್ಟಿಗೇ ನೆನಪಾದವು. ಸುಖಪಟ್ಟರೆ ಏನಾಯಿತು? ಯಾರು ಬಂದಿದ್ದರು ಆರು ವರ್ಷ?

ಸಮುದಾಯ ಕಾಲೇಜೆಂದರೆ ಹಳೆಯ ಕಟ್ಟಡವೊಂದರ ಎರಡು ಕೋಣೆ. ಶುಶ್ರೂಷಾ ಸಹಾಯಕಿಯರ ತರಬೇತಿ ಎಂದು ಬಟ್ಟೆಯ ಮೇಲೆ ಬರೆದು ಬಾಗಿಲಿಗೆ ಕಟ್ಟಿದ್ದರು. ರೋಗಿಯನ್ನು ಮೀಯಿಸುವುದು, ಉಣಿಸುವುದು, ಮಗ್ಗುಲು ಹೊರಳಿಸುವುದು, ಎಬ್ಬಿಸಿ ಕೂರಿಸುವುದು. ಇದನ್ನೂ ಕಲಿಸುತ್ತಾರೆ ಎಂದು ಮೊದಲು ಕೇಳಿದಾಗ ವಿಜಯಶ್ರೀಗೆ ನಗು ಬಂದಿತ್ತು. ಆದರೆ ಮುಗಿಸಿದವರಿಗೆ ಕಲಬುರಗಿಯ ದವಾಖಾನೆಗಳಲ್ಲಿ ಕೆಲಸವಿದೆ, ಕೈಕೆಲಸ ನೋಡಿಯೇ ತರಬೇತಿಗೆ ಆರಿಸುತ್ತಾರೆ ಎಂದು ಗೊತ್ತಾದಾಗ ಎದೆಯಲ್ಲಿ ಏನೋ ನೆಟ್ಟಗೆ ಎದ್ದು ಕೂತಿತು. ಹಾಗಾದರೆ ತನ್ನ ಆರು ವರ್ಷಕ್ಕೆ ಹೊರಗೆ ಒಂದು ಹೆಸರಿದೆ. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಶಾಂತಕುಮಾರನೆಂಬ ಗುಮಾಸ್ತ ಅವಳ ಹತ್ತನೆಯ ತರಗತಿಯ ಅಂಕಪಟ್ಟಿ ತಿರುವಿ ನೋಡಿ ಕೇಳಿದ.

"ಮೊದಲ ಎಲ್ಲ್ಯಾರ ಕೆಲಸ ಮಾಡೀರೇನ್ರಿ?"

"ಮನ್ಯಾಗ. ಆರು ವರ್ಷ ಅತ್ತಿನ್ನ ನೋಡಿಕೊಂಡೇನಿ. ಹಾಸಿಗಿ ಮ್ಯಾಲ ಇದ್ರು."

"ಹಂಗಲ್ರಿ. ಕೆಲಸ, ಕೆಲಸ."

"ಅದ ಕೆಲಸರಿ. ಬರೀರಿ."

"ಮನ್ಯಾಗ ಮಾಡಿದ್ದಕ್ಕ ಇಲ್ಲಿ ಜಾಗಾ ಇಲ್ರೀ ತಾಯಿ." ಅವನು ಕೆಟ್ಟವನಂತೇನೂ ಮಾತಾಡಲಿಲ್ಲ. ಅನುಭವ ಎಂದಿದ್ದ ಕಡೆ ಪೆನ್ನು ಎಳೆದು ಗೆರೆ ಹಾಕಿದ.

ಆ ಗೆರೆ ಅವಳ ಹಣೆಯ ಮೇಲೆ ಎಳೆದಂತಾಯಿತು. ಒಳಗೆ ಹೋಗಿ ಬೆಂಚಿನ ತುದಿಗೆ ಕೂತಳು. ಪಕ್ಕದಲ್ಲಿ ಖಜೂರಿಯಿಂದ ಬಂದ ನಿಂಬೆವ್ವ ಎಂಬ ಹೆಂಗಸು. ಗಂಡ ಟ್ರಕ್ಕು ಓಡಿಸುತ್ತಾನಂತೆ, ಉಮರ್ಗಾದ ಆಚೆ ಹೋದರೆ ಮನೆ ಮರೆಯುತ್ತಾನಂತೆ. ಕೂತ ಗಳಿಗೆಯಲ್ಲೇ ಅಷ್ಟೂ ಹೇಳಿದಳು. ಎಲೆಯಡಿಕೆ ಹಾಕಿದ ಬಾಯಿ.

"ನೀವೇನ್ ವೈನಿ, ಮಾರಿ ಹಂಗ್ಯಾಕ ಮಾಡೀರಿ? ಪರೀಕ್ಷಾ ಬರ್ಯಾಕಲ್ಲ, ಹೇಲು ತೆಗಿಯಾಕ ಬಂದೇವಿ. ಅದಕ್ಕೂ ಟೆನ್ಶನ್ ತಗೊಂಡ್ರ ಕಸಂ ಹೋಣಾರ, ಹೆಂಗ ನಡೀಬೇಕು?"

ವಿಜಯಶ್ರೀ ನಗಲಿಲ್ಲ. ಅಷ್ಟರಲ್ಲಿ ವಜೀರುನ್ನಿಸಾ ಮೇಡಂ ಬಂದರು. ಜೀವಮಾನವೆಲ್ಲ ಸರ್ಕಾರಿ ದವಾಖಾನೆಯ ವಾರ್ಡುಗಳಲ್ಲಿ ನಡೆದು ನಿವೃತ್ತರಾದ ನರ್ಸು. ಬಿಳಿ ದುಪಟ್ಟಾ, ದಪ್ಪ ಕನ್ನಡಕ. ಕೋಣೆಯ ನಡುವಿನ ಮಂಚದ ಹತ್ತಿರ ನಿಂತು ಚಪ್ಪಲಿ ಬಿಟ್ಟರು.

"ಗೊಂಬಿ ಮೇಲೆ ಕಲಿಸಬೇಕು. ಗೊಂಬಿ ಇನ್ನೂ ಬಂದಿಲ್ಲ. ಬರೂತನಕ ನಾನೇ ಗೊಂಬಿ," ಎನ್ನುತ್ತ ಮಲಗಿಯೇಬಿಟ್ಟರು. "ನನಗ ಲಕ್ವ ಹೊಡದದ, ಎಡಕ್ಕ. ಮಾತಿಲ್ಲ. ಇಡೀ ರಾತ್ರಿ ಮಲಗಿ ಬೆನ್ನು ಸುಡಾಕತ್ತದ. ನನ್ನ ಎಬ್ಬಸಿ ಕೂಡ್ರಸ್ರಿ. ಯಾರ್ ಬರ್ತೀರಿ?"

ಎಡಕ್ಕೆ ಎಂಬುದು ಕೇಳಿದೊಡನೆ ವಿಜಯಶ್ರೀ ಎದ್ದು ನಿಂತಿದ್ದಳು. ಬೇರೆಯವರು ಒಬ್ಬರನ್ನೊಬ್ಬರು ಮೊಳಕೈಯಿಂದ ತಿವಿಯುತ್ತಿರುವಾಗ ಅವಳು ಮಂಚದ ಬಳಿ ತಲುಪಿಯಾಗಿತ್ತು. ಗೆರೆ ಎಳೆದವನು ಬಾಗಿಲಲ್ಲಿದ್ದಾನೆ, ನೋಡಲಿ. ಗಂಡ ಇಲ್ಲಿದ್ದಿದ್ದರೆ ಅವನೂ ನೋಡಬೇಕಿತ್ತು. ಕೈಗೆ ತನ್ನ ಕೆಲಸ ತಾನಾಗಿ ಗೊತ್ತಿತ್ತು. ದುಪಟ್ಟಾ ಸರಿಪಡಿಸಿದಳು, ಕಾಲು ಜೋಡಿಸಿದಳು, ಎಡ ಮುಂಗೈಯನ್ನು ಬಿಗಿಯಾಗಿ ಹಿಡಿದು, ಪ್ರತಿ ಬೆಳಿಗ್ಗೆ ಎತ್ತುತ್ತಿದ್ದಂತೆ, ಜಗ್ಗಿ ಎತ್ತಿದಳು.

ವಜೀರುನ್ನಿಸಾ ಕೂಗಲಿಲ್ಲ. ಹಲ್ಲು ಕಚ್ಚಿದ ಒಂದು ಸದ್ದು ಗಂಟಲಿನಲ್ಲೇ ನಿಂತಿತು. ಕನ್ನಡಕದ ಹಿಂದೆ ಕಣ್ಣು ಅಗಲವಾಗಿ ಒಂದು ಕಡೆಗೆ ನೆಟ್ಟವು. ಕಣ್ಣಿನ ಹೊರತುದಿಯಿಂದ ಒಂದು ಹನಿ ಹೊರಟು, ಕೆನ್ನೆಗೆ ಬೀಳದೆ, ಕಿವಿಯ ಕಡೆಗೆ ಇಳಿಯಿತು.

ವಿಜಯಶ್ರೀ ಆ ಹನಿಯನ್ನು ನೋಡಿದಳು. ಕೈ ಬಿಡಬೇಕೆಂದು ತಿಳಿಯಲಿಲ್ಲ. ಮಂತ್ರ ಮುಗಿಯುವವರೆಗೆ ಹಿಡಿದಿರಬೇಕೆಂಬ ರೂಢಿಯಲ್ಲಿ ಕೈ ಹಾಗೆಯೇ ಹಿಡಿದಿತ್ತು.

"ಬಿಡು, ಬೇಟಿ. ಬಿಡು," ಎಂದರು ವಜೀರುನ್ನಿಸಾ, ಮೆಲ್ಲಗೆ. ಎದ್ದು ಕೂತು ಬಲಗೈಯಿಂದ ಎಡಭುಜ ಒತ್ತಿಕೊಂಡರು. "ನನ್ನ ಈ ಭುಜ ಖರೇನೇ ಹಿಡದದ, ಎರಡು ವರ್ಷ ಆಯ್ತು. ಅದಕ್ಕ ನಾಟಕ ಮಾಡೂದು ಬೇಕಾಗೂದಿಲ್ಲ. ಎಲ್ಲಾರೂ ನೋಡಿದ್ರೇನು? ಲಕ್ವ ಹೊಡದ ಕೈ ಭುಜದಾಗ ಜೋತಾಡತಿರ್ತದ. ಹಿಡಿಯೂ ನರ ಸಡ್ಲ ಆಗಿರ್ತಾವ. ಅದನ್ನ ಹಿಡದು ಜಗ್ಗಿದ್ರ ಕೀಲು ಕಿತ್ತು ಬಂದಂಗ ಆಗತದ. ಕೈಗಿ ಜೀವ ಇಲ್ಲ, ಅದಕ್ಕ ನೋವೂ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ಅಲ್ಲಾಡ್ಸಾಕ ಬರೂದಿಲ್ಲ ಅಷ್ಟ, ನೋವು ಪೂರಾ ಇರ್ತದ. ಮಾತು ಬರಲಾರದವರು ಹೆಂಗ ಹೇಳಬೇಕು?"

"ಕಣ್ಣೀರು ಬರ್ತಾವೇನ್ರಿ?" ಎಂದಳು ವಿಜಯಶ್ರೀ. ತನ್ನ ದನಿ ಬೇರೆ ಯಾರದೋ ಎನಿಸಿತು.

"ಬರದ ಏನು? ನಂದು ಬಂದಿಲ್ಲೇನು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಆರು ವರ್ಷ ಮಾಡ್ಯಾರಂತರೀ ಇವರು," ಎಂದಿತು ಇನ್ನೊಂದು ದನಿ. ಬಾಗಿಲ ಹತ್ತಿರದ ಮಾತನ್ನು ಕೇಳಿಸಿಕೊಂಡವಳಿರಬೇಕು. ವಜೀರುನ್ನಿಸಾ ಆ ಕಡೆ ಒಮ್ಮೆ ನೋಡಿದರು. ಸದ್ದು ನಿಂತಿತು. ಆದರೆ ವಿಜಯಶ್ರೀಯ ಕಿವಿಯೊಳಗೆ ನಿಲ್ಲಲಿಲ್ಲ.

"ನಮ್ಮಾಗ ಲಿಂಗ ಹಿಡೀಬೇಕ್ರಿ ಆ ಕೈಯಾಗ," ಎಂದಳು. ಜಗಳಕ್ಕೆ ನಿಂತವಳ ದನಿ. "ಕಣ್ಣಿನ ಮಟ್ಟಕ್ಕ ಎತ್ತಬೇಕು. ಎತ್ತಲಾರದ ಬಿಡಾಕ ಬರೂದಿಲ್ಲ. ಅವರು ನೀರ ಮುಟ್ತಿದ್ದಿಲ್ಲ. ನಾ ಏನ್ ಮಾಡಬೇಕಿತ್ತು ಹೇಳ್ರಿ?"

"ಗೊತ್ತು, ಬೇಟಿ. ಈ ಆಳಂದದಾಗ ಎಷ್ಟ್ ಮಂದಿ ಲಿಂಗವಂತರ ಅಜ್ಜೇರನ್ನ ನಾ ನೋಡಿಕೊಂಡಿಲ್ಲ? ಕೈ ಹೊಟ್ಟಿ ಮ್ಯಾಲ ಇರ್ಲಿ. ಮೊಳಕೈ ಕೆಳಗ ದಿಂಬು. ಅಂಗೈಯಾಗ ಅವರ ದೇವರನ್ನ ಇಡು. ತಲೀ ಕೆಳಗ ಇನ್ನೊಂದು ದಿಂಬು ಏರಸು. ಕಣ್ಣಿಗಿ ಬರೋಬ್ಬರಿ ಕಾಣತದ. ಕೈ ಏರಿಸೂದಲ್ಲ, ತಲೀ ಏರಿಸೂದು."

ಒಂದು ದಿಂಬು. ವಿಜಯಶ್ರೀ ಹೊರಗೆ ನಡೆದಳು. ಯಾರೂ ತಡೆಯಲಿಲ್ಲ. ಅಂಗಳದ ನಲ್ಲಿಯ ಹತ್ತಿರ ನಿಂತು, ನೀರು ಬಿಟ್ಟು, ಕೈ ಒಡ್ಡಿದಳು. ಒಂದು ದಿಂಬು. ಗುರುಬಾಯಿಯ ಕಾಲ ಕೆಳಗೆ ಇಡುತ್ತಿದ್ದ ಅರಳೆಯ ದಿಂಬೇ ಸಾಕಿತ್ತು. ಅದು ಹಾಸಿಗೆಯ ಮೇಲೆಯೇ ಇತ್ತು, ಕೈಯಳತೆಯಲ್ಲಿ, ಆರು ವರ್ಷ. ಯಾಕೆ ಯಾರೂ ಹೇಳಲಿಲ್ಲ? ಗುಳಿಗೆ ಬರೆದುಕೊಟ್ಟ ಡಾಕ್ಟರು ಹೇಳಲಿಲ್ಲ, ಬಾಗಿಲಲ್ಲಿ ಕೈಮುಗಿದು ನಿಂತವನು ಹೇಳಲಿಲ್ಲ. ಅವನು ತಾಯಿಯ ಕಣ್ಣೀರು ನೋಡಿ ತಾನೂ ಕಣ್ಣೊರೆಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಶ್ರಾವಣದ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿದರು. ನೋವಿನಿಂದ ಬೆವರಿದ ಪಾದವನ್ನು ಮುಟ್ಟಿ ಪುಣ್ಯವೆಂದು ಕಣ್ಣಿಗೊತ್ತಿಕೊಂಡರು. ತಾನು ದಿನಾ ಅಷ್ಟು ಹತ್ತಿರ ನಿಂತು, ಆ ಕಣ್ಣಿನ ಒಳಗೇ ನೋಡುತ್ತ ನಿಂತು, ಏನು ನೋಡಿದಳು? ಆ ಕಣ್ಣು ಲಿಂಗವನ್ನು ನೋಡುತ್ತಿತ್ತು, ನಿಜ. ಲಿಂಗವನ್ನು ನೋಡುತ್ತ ಅದಕ್ಕೆ ಏನು ಹೇಳುತ್ತಿತ್ತು? ಸಾಕುಮಾಡು ಎಂದೇ? ಇವಳ ಕೈಯಿಂದ ಬಿಡಿಸು ಎಂದೇ? ವಿಜಯಶ್ರೀಗೆ ದೇವರ ಮೇಲೂ ಸಿಟ್ಟು ಬಂತು. ಅತ್ತೆಯ ಲಿಂಗ ಅವಳೊಡನೆಯೇ ಮಣ್ಣಿಗೆ ಹೋಗಿತ್ತು, ಆದರೆ ಈಗ ಎದೆಯ ಮೇಲೆ ಬೆಳ್ಳಿಯೊಳಗೆ ಬೆಚ್ಚಗೆ ಕೂತ ತನ್ನ ಲಿಂಗವೂ ಅದೇ ದೇವರು, ಎಲ್ಲವನ್ನೂ ಬಲ್ಲದು. ನೀನಾದರೂ ಒಂದು ಸಲ ಆ ಕೈಯಿಂದ ಜಾರಬಾರದಿತ್ತೇ? ಕೆಳಗೆ ಬಿದ್ದಿದ್ದರೆ ಗಾಬರಿಯಾಗಿ ಕೈ ಬಿಡುತ್ತಿದ್ದೆನಲ್ಲ.

ನೀರು ತಣ್ಣಗೆ ಮೊಳಕೈಯವರೆಗೆ ಇಳಿಯಿತು. ಎಲ್ಲ ಬೆಳಗುಗಳೂ ಒಂದೇ ರೀತಿ ಇರಲಿಲ್ಲ ಎಂಬುದೂ ಕೈಗೆ ನೆನಪಿತ್ತು. ಕರಜಗಿಯ ತವರಿನಲ್ಲಿ ತಮ್ಮನ ಮದುವೆಗೆ ಹೋಗಲಾಗದ ಬೆಳಗಿತ್ತು. ಒರೆಸಿ ಮುಗಿಸಿ ಬಟ್ಟೆ ಬದಲಿಸಿದ ಕೂಡಲೇ ಮತ್ತೆ ಹಾಸಿಗೆ ಒದ್ದೆಯಾದ ಬೆಳಗುಗಳಿದ್ದವು. ಆ ಬೆಳಗುಗಳಲ್ಲಿ ಅತ್ತೆಯ ಕೈ ಹೆಚ್ಚು ಬೇಗ ಎದ್ದಿತ್ತು, ಹೆಚ್ಚು ಎತ್ತರಕ್ಕೆ. ಕಣ್ಣೀರೂ ಹೆಚ್ಚು ಬಂದಿತ್ತು. ಆ ದಿನ ನೋಡಿದವರು ಇವತ್ತು ಗುರುಬಾಯಿಗೆ ಸಾಕ್ಷಾತ್ಕಾರವಾಯಿತು ಎಂದಿದ್ದರು.

ಒಬ್ಬಳು ಹೇಳಿದ್ದಳು. ಅದು ನೆನಪಾಗಬಾರದೆಂದು ಬೆಳಿಗ್ಗೆಯಿಂದ ಬೇರೆಲ್ಲವನ್ನೂ ನೆನೆಯುತ್ತಿದ್ದಳೇನೋ. ಸುಗಲಾಬಾಯಿ ಒಂದು ಯುಗಾದಿಗೆ ಬಂದವಳು ಪೂಜೆಯ ಹೊತ್ತಿಗೆ ಮಂಚದ ಕಾಲಡಿ ನಿಂತಿದ್ದಳು. ಎಲ್ಲರೂ ಕೈಮುಗಿದಾಗ ಅವಳು ಮುಗಿಯಲಿಲ್ಲ. "ಹಂಗ ಜಗ್ಗಬ್ಯಾಡ್ರಿ ವೈನಿ. ಅವ್ವಗ ನೋಯಾಕತ್ತದ," ಎಂದಿದ್ದಳು. ಅಷ್ಟೇ. ವಿಜಯಶ್ರೀ ಮಂತ್ರ ನಡುವೆಯೇ ನಿಲ್ಲಿಸಿ, ತೊಟ್ಟಿಯಲ್ಲಿದ್ದ ಹೊಲಸು ಬಟ್ಟೆಯನ್ನು ಹಿಂಡದೆ ಎತ್ತಿ ಅವಳ ಕೈಗೆ ತುರುಕಿದ್ದಳು: "ನೋಯ್ತದಂದ್ರ ನೀನ ಮಾಡು. ಹಬ್ಬಕ್ಕ ಬಂದು ಹೋಳಗಿ ಉಂಡು ಬುದ್ಧಿ ಹೇಳಿ ಹೋಗಾಕಿ." ಹೊಸ ಸೀರೆಯ ಮೇಲೆ ನೀರು ಸುರಿದಿತ್ತು. ಸುಗಲಾಬಾಯಿ ಬಟ್ಟೆಯನ್ನು ತೊಟ್ಟಿಯ ಅಂಚಿಗೆ ಹಾಕಿ, ಉಣ್ಣದೆ ಹೊರಟುಹೋದಳು. ನಿಜ ಹೇಳಿ ಹೊರಟುಹೋಗುವುದು ಎಷ್ಟು ಸುಲಭ! ಹೇಳಿದವಳು ನಿಂತು ತೋರಿಸಬೇಕಿತ್ತು. ಇನ್ನೊಮ್ಮೆ ಹೇಳಬೇಕಿತ್ತು. ಕೂದಲು ಹಿಡಿದು ಜಗಳಾಡಬೇಕಿತ್ತು. ವಿಜಯಶ್ರೀಗೆ ಅವಳ ಮೇಲೆ ಉಕ್ಕಿದ ಸಿಟ್ಟು ಹಳೆಯದಕ್ಕಿಂತ ಹೆಚ್ಚಿನದಾಗಿತ್ತು. ಹಳೆಯ ಸಿಟ್ಟಿನಲ್ಲಿ ಸುಗಲಾಬಾಯಿ ಸುಳ್ಳಿಯಾಗಿದ್ದಳು, ಈಗ ನಿಜ ಹೇಳಿದವಳು.

"ನಲ್ಲಿ ಬಂದ್ ಮಾಡ್ರಿ ವೈನಿ, ಆಳಂದಕ್ಕೆಲ್ಲ ಇದೊಂದ ಇದ್ದಂಗದ." ನಿಂಬೆವ್ವ ಎರಡು ಕಪ್ಪು ಚಹಾ ಹಿಡಿದು ಬಂದಿದ್ದಳು. ಅವಳೇ ನಲ್ಲಿ ತಿರುಗಿಸಿದಳು. "ನಾ ಹೋದ್ರ ಮೇಡಮ್ಮನ ಕುತಿಗಿನೇ ಮುರೀತಿದ್ದೆ. ನೀವು ಬರೇ ಕೈ ಜಗ್ಗೀರಿ. ಚಹಾ ಕುಡೀರಿ."

"ನನಗ ಬ್ಯಾಡ."

"ಸಿಟ್ಟು ಮೇಡಮ್ಮನ ಮ್ಯಾಲೋ, ಚಹಾದ ಮ್ಯಾಲೋ?"

ಹೋಗಿಬಿಡಬಹುದಿತ್ತು. ಬಸ್ಸು ಸಿಗುತ್ತದೆ. ಮನೆಗೆ ಹೋದರೆ ಗಂಡ ಏನೂ ಕೇಳುವುದಿಲ್ಲ, ಗೆದ್ದವನ ಹಾಗೆ ಸುಮ್ಮನಿರುತ್ತಾನೆ. ಓಣಿಯಲ್ಲಿ ಅವಳು ಎಂದಿನಂತೆ ಗುರುಬಾಯಿಯ ಸೇವೆ ಮಾಡಿದಾಕೆ. ಶ್ರಾವಣ ಬಂದರೆ ಯಾರಾದರೂ ಇನ್ನೂ ಪಾದ ಮುಟ್ಟಿಯಾರು. ಆ ನೆನಪಿಗೇ ಅಂಗಾಲು ಸುಟ್ಟಂತಾಯಿತು. ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಾಯಿ ಸುಟ್ಟುಕೊಂಡು, ಒಳಗೆ ಹೋದಳು.

ಇನ್ಯಾರೋ ಹುಡುಗಿ ಮಂಚದ ಹತ್ತಿರ ನಿಂತಿದ್ದಳು. ವಿಜಯಶ್ರೀ ಅವಳನ್ನು ಸರಿಸಿದಳು.

"ಇನ್ನೊಮ್ಮೆ ಮಾಡ್ತೇನಿ. ಮಲಕೋರಿ."

ವಜೀರುನ್ನಿಸಾ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಹೀಗೆ ಹುಕುಂ ಮಾಡುವ ವಿದ್ಯಾರ್ಥಿನಿಯನ್ನು ಅವರು ನೋಡಿರಲಿಲ್ಲವೇನೋ. "ಸಿಟ್ಟಿನ್ಯಾಗ ಮಾಡಬ್ಯಾಡ," ಎಂದರು.

"ಸಿಟ್ಟು ಹೋಗೂದಿಲ್ರಿ. ಕೈ ನೋಡ್ರಿ ಬೇಕಾದ್ರ."

ಅವರು ಮಲಗಿದರು. ವಿಜಯಶ್ರೀ ಬಾಗಿದಳು. ಮುಂಗೈಗೆ ಹೋಗಲು ಹವಣಿಸಿದ ಕೈಯನ್ನು ತಡೆದು, ಆ ಭುಜದ ಹಿಂದೆ, ಹೆಗಲೆಲುಬಿನ ಕೆಳಗೆ ಅಂಗೈ ತೂರಿಸಿದಳು. ಇನ್ನೊಂದು ಕೈ ಸೊಂಟದ ಹಿಂದೆ. ಸಡಿಲ ಕೈ ಹೊಟ್ಟೆಯ ಮೇಲೆ ಹಾಗೆಯೇ ಇತ್ತು. ಒಂದು ಮೈಯ ಭಾರ ಎಷ್ಟೆಂಬುದು ಮೊದಲ ಸಲ ತಿಳಿದಂತಾಯಿತು. ಇಷ್ಟು ದಿನ ಅವಳು ಎತ್ತಿದ್ದು ಕೈಯೊಂದರ ಭಾರ ಮಾತ್ರ. ವಜೀರುನ್ನಿಸಾ ನಿಧಾನವಾಗಿ ಮೇಲೆದ್ದು ಕೂತರು. ವಿಜಯಶ್ರೀ ಅವರ ಕಣ್ಣಿನ ಹೊರತುದಿಯನ್ನೇ ನೋಡುತ್ತಿದ್ದಳು. ಒಣಗಿತ್ತು.

"ಏನೂ ಗೊತ್ತಿಲ್ಲದವರಿಗೆ ಕಲಿಸೂದು ಸುಲಭ," ಎಂದರು ವಜೀರುನ್ನಿಸಾ. "ನಿನ್ನ ಕೈಗಿ ಮೊದಲ ಕಲ್ತದ್ದನ್ನ ಮರೆಸಬೇಕು. ಜಾಸ್ತಿ ತ್ರಾಸ ಆಗತದ ನಿನಗ. ಬರ್ತೀ?"

"ಬರ್ತೇನಿ."

"ಶಾಂತಕುಮಾರ, ಈಕೀ ಹೆಸರು ತಗೋ."

ಗುಮಾಸ್ತ ಕಾಗದ ಮುಂದೆ ತಳ್ಳಿದ. ಅನುಭವ ಎಂದಿದ್ದ ಕಡೆ ಅವನು ಎಳೆದ ಗೆರೆ ಹಾಗೆಯೇ ಇತ್ತು. ವಿಜಯಶ್ರೀ ಅದನ್ನು ನೋಡಿದಳು, ಕೆಳಗೆ ರುಜು ಹಾಕಿದಳು.

ಹೊರಗೆ ಬಿಸಿಲು ಏರಿತ್ತು. ಬೆಳಿಗ್ಗೆಯ ಮಂಜು ಹಾಗಿರಲಿ, ಅದರ ವಾಸನೆಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಬಾಯಿಗೆ ಬಂದು ನಿಂತಳು. ಸೆರಗು ತಲೆಯ ಮೇಲಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ. ಅಲ್ಲೇ ಒಂದು ಮನೆಯ ಜಗಲಿಯ ನೆರಳಿಗೆ ಸರಿದು, ಗೋಡೆಗೆ ಮುಖ ಮಾಡಿ, ಕರಡಿಗೆ ತೆರೆದಳು. ತನ್ನ ಲಿಂಗವನ್ನು ಹೊರತೆಗೆದು, ಕಣ್ಣಿಗೊತ್ತಿಕೊಂಡು, ಚೀಲದಲ್ಲಿದ್ದ ಬಿಳಿ ವಸ್ತ್ರದಲ್ಲಿ ಸುತ್ತಿ, ಮೊದಲಿನಂತೆ ಕೊರಳಿಗೆ ಕಟ್ಟಿಕೊಂಡಳು. ಮದುವೆಯಾಗಿ ಬಂದಾಗ ಹಾಗೆಯೇ ಕಟ್ಟಿಕೊಂಡಿದ್ದಳು. ಬರಿದಾದ ಬೆಳ್ಳಿ ಕೈಯಲ್ಲಿ ಬೇಗ ತಣ್ಣಗಾಯಿತು.

ಸುಗಲಾಬಾಯಿ ಬಾಗಿಲಲ್ಲೇ ಒಲೆ ಹೂಡಿಕೊಂಡು ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೆರಳು ಬಿದ್ದದ್ದಕ್ಕೆ ತಲೆಯೆತ್ತಿದಳು. ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿತ್ತು.

"ಬರ್ರಿ ವೈನಿ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ."

"ಜಗಳಾನೂ ಕುಂತ ಆಡಬಹುದು." ಸುಗಲಾಬಾಯಿ ರೊಟ್ಟಿ ಮಗುಚಿದಳು. "ಮಂದಿ ಅಂದ್ರು, ಕಾಲೇಜಿಗಿ ಹೊಂಟೀರಂತ. ಅಣ್ಣ ಏನಂದ?"

"ನಿಮ್ಮಣ್ಣ ಬಾಯಿ ಮುಕ್ಕಳಿಸಿದ." ವಿಜಯಶ್ರೀ ನಿಂತೇ ಇದ್ದಳು. "ನೀ ಅವತ್ತ ಹೇಳಿದ್ದು ಖರೇ ಇತ್ತು. ಅವ್ವಗ ನೋಯತಿತ್ತು."

ರೊಟ್ಟಿಯ ಒಂದು ಕಡೆ ಕಪ್ಪಾಗಿ ಹೊಗೆ ಎದ್ದಿತು.

"ಖರೇ ಹೇಳಿ ಹೋಗಿಬಿಟ್ಟಿ," ಎಂದಳು ವಿಜಯಶ್ರೀ. ದನಿ ಏರಿತು. "ಯಾಕ ಹೋದಿ? ನಾ ಹೊಲಸು ಬಟ್ಟಿ ಕೊಟ್ಟೆ, ನೀ ಹೋಗಿಬಿಡೂದಾ? ನನ್ನ ಕೈ ಹಿಡದು ಕಪಾಳಕ್ಕ ಕೊಡಬೇಕಿತ್ತು. ನಿಮ್ಮವ್ವ ಬೇ ಆಕಿ!"

"ಹೌದ್ರಿ," ಎಂದಳು ಸುಗಲಾಬಾಯಿ. "ಹೋಗಬಾರದಿತ್ತು. ಹೋದೆ." ಒಲೆಯನ್ನೇ ನೋಡುತ್ತ, "ಮಾಡೂದು ನನ್ನ ಕೊರಳಿಗಿ ಬಿದ್ದೀತು ಅಂತ ಅಂಜಿಕಿ ಆಯ್ತು," ಎಂದಳು.

ಸೀದ ರೊಟ್ಟಿಯನ್ನು ಸುಗಲಾಬಾಯಿ ಹಂಚಿನಿಂದ ತೆಗೆದು ಬದಿಗೆ ಹಾಕಿದಳು. ವಿಜಯಶ್ರೀಯ ಸಿಟ್ಟು ಇಳಿದಿರಲಿಲ್ಲ. ಹಾಕಲು ಜಾಗವಿಲ್ಲದೆ ಕೈಯಲ್ಲೇ ಹಿಡಿದು ನಿಂತವಳಂತಿದ್ದಳು.

"ಕೈ ತೊಳ್ಕೋ," ಎಂದಳು.

ಸುಗಲಾಬಾಯಿ ಅವಳ ಮುಖ ನೋಡಿದಳು. ಆಮೇಲೆ ಮುಷ್ಟಿ ಕಟ್ಟಿದ್ದ ಬಲಗೈ ನೋಡಿದಳು. ಎದ್ದು, ತಂಬಿಗೆಯ ನೀರಿನಲ್ಲಿ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅವ್ವ ಒಡ್ಡುತ್ತಿದ್ದ ಹಾಗೆ ಎಡ ಅಂಗೈ ಚಾಚಿದಳು. ಬೆಳಗಿನಿಂದ ರೊಟ್ಟಿ ಬಡಿದ ಕೈ. ದಣಿದು ಗಾಳಿಯಲ್ಲಿ ಸಣ್ಣಗೆ ಅದುರುತ್ತಿತ್ತು.

ವಿಜಯಶ್ರೀ ತನ್ನ ಎಡಗೈಯನ್ನು ಅದರ ಕೆಳಗೆ ಕೊಟ್ಟು ಭಾರ ತಾನು ತೆಗೆದುಕೊಂಡಳು. ಅಂಗೈ ಎಲ್ಲಿತ್ತೋ ಅಲ್ಲಿಗೇ ಬಾಗಿ, ಎತ್ತದೆ, ಜಗ್ಗದೆ, ಕರಡಿಗೆಯನ್ನು ಅದರ ನಡುವೆ ಇಟ್ಟಳು.